78ರ ಅಪ್ಪಯ್ಯನಿಗೆ ಕರುಳಿನ ಕ್ಯಾನ್ಸರ್: ಆಪರೇಷನ್ ಮಾಡಿಸಬೇಕಾ, ಸುಮ್ನೆ ಬಿಡಬೇಕಾ?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕು. ಅಪ್ಪಯ್ಯನಿಗೆ 78 ವರ್ಷ. ಅಡಿಕೆ ತೋಟ ಇದೆ. ಹೋದ ದೀಪಾವಳಿವರೆಗೂ ಒಬ್ಬರೇ ತೋಟಕ್ಕೆ ಹೋಗಿ ಬರುತ್ತಿದ್ದರು. ಆಮೇಲೆ ಸುಸ್ತು ಶುರುವಾಯಿತು. ವಯಸ್ಸಾಯಿತಲ್ಲ ಅಂತ ನಾವೂ ಸುಮ್ಮನಿದ್ದೆವು. ಊರಿನ ಡಾಕ್ಟರು ರಕ್ತ ಕಡಿಮೆ ಇದೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರು. ಐದು ತಿಂಗಳಾದರೂ ಹಿಮೊಗ್ಲೋಬಿನ್ 8 ದಾಟಲಿಲ್ಲ. ಶಿವಮೊಗ್ಗದಲ್ಲಿ ಕೊಲೊನೋಸ್ಕೋಪಿ ಮಾಡಿಸಿದಾಗ ದೊಡ್ಡ ಕರುಳಿನ ಬಲಭಾಗದಲ್ಲಿ ಗಡ್ಡೆ ಸಿಕ್ಕಿತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂದಿದೆ. ಸಿಟಿ ಸ್ಕ್ಯಾನ್‌ನಲ್ಲಿ ಲಿವರ್, ಶ್ವಾಸಕೋಶ ಸರಿಯಾಗಿವೆ. ಗಡ್ಡೆಯ ಪಕ್ಕದ ಒಂದೆರಡು ಲಿಂಫ್ ಗಂಟು ದಪ್ಪ ಇವೆಯಂತೆ. 58 ಕೆ.ಜಿ. ಇದ್ದ ತೂಕ 52ಕ್ಕೆ ಇಳಿದಿದೆ. ಶುಗರ್, ಬಿ.ಪಿ. ಇದೆ. ಆರು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಕಿಡ್ನಿಯ ರಕ್ತಪರೀಕ್ಷೆಯಲ್ಲಿ ಕ್ರಿಯೇಟಿನಿನ್ 1.1. ಸರ್ಜನ್ ಆಪರೇಷನ್ ಮಾಡೋಣ, ಆಮೇಲೆ ಕೀಮೋ ಬೇಕಾಗಬಹುದು ಅನ್ನುತ್ತಾರೆ. ನೆಂಟರೆಲ್ಲ 'ಈ ವಯಸ್ಸಲ್ಲಿ ಕೊಯ್ಸಿ ಹಿಂಸೆ ಯಾಕೆ' ಅನ್ನುತ್ತಾರೆ. ಅಪ್ಪಯ್ಯನಿಗೆ ಇನ್ನೂ ಹೇಳಿಲ್ಲ. ನಾನು ಇರುವುದು ಬೆಂಗಳೂರಿನಲ್ಲಿ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ಬಯಾಪ್ಸಿಯದ್ದಲ್ಲ. 'ಹೋದ ದೀಪಾವಳಿವರೆಗೂ ಒಬ್ಬರೇ ತೋಟಕ್ಕೆ ಹೋಗಿ ಬರುತ್ತಿದ್ದರು' ಎಂಬ ಸಾಲು. ಮಲೆನಾಡಿನ ತೋಟ ಅಂದರೆ ಇಳಿಜಾರು, ಏರು, ಮಳೆಗಾಲದಲ್ಲಿ ಪಾಚಿ ಹಿಡಿದ ಕಾಲುಸಂಕ. 78ರಲ್ಲಿ ಅದನ್ನು ದಿನಾ ಹತ್ತಿ ಇಳಿಯುತ್ತಿದ್ದವರ ಹೃದಯ, ಶ್ವಾಸಕೋಶ, ಮಂಡಿ ಎಲ್ಲ ಒಂದು ಮಟ್ಟಕ್ಕೆ ಗಟ್ಟಿ ಇವೆ ಅಂತ ತಿಳಿಯಬಹುದು. ಮುಪ್ಪು ಒಂದು ಹಬ್ಬದಿಂದ ಇನ್ನೊಂದು ಹಬ್ಬದೊಳಗೆ ಬಂದು ಕೂರುವುದಿಲ್ಲ. ಅವರಿಗೆ ಬಂದಿರುವುದು ರಕ್ತ ಸೋರಿದ ಸುಸ್ತು. ಅದನ್ನು ಸರಿಮಾಡಬಹುದು.

ಬಲಭಾಗದ ಕರುಳಿನ ಗಡ್ಡೆಗಳ ಸ್ವಭಾವವೇ ಹೀಗೆ. ಅಲ್ಲಿ ಕರುಳು ಅಗಲ, ಒಳಗಿನ ಮಲವೂ ತೆಳು. ಗಡ್ಡೆ ಸಾಕಷ್ಟು ಬೆಳೆದರೂ ಬೇಗ ದಾರಿ ಕಟ್ಟುವುದಿಲ್ಲ, ನೋವೂ ಇರುವುದಿಲ್ಲ. ದಿನಕ್ಕೆ ಸ್ವಲ್ಪ ಸ್ವಲ್ಪ ರಕ್ತ ಜಿನುಗಿ ಮಲದಲ್ಲಿ ಬೆರೆತು ಹೋಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಎಡಭಾಗದಲ್ಲಾದರೆ ಮಲಬದ್ಧತೆ, ಕೆಂಪು ರಕ್ತ ಬೇಗ ಕಾಣುತ್ತವೆ. ಅದನ್ನೂ ನಮ್ಮ ಜನ ಮೂಲವ್ಯಾಧಿ ಅಂತ ತಿಂಗಳುಗಟ್ಟಲೆ ತಳ್ಳುತ್ತಾರೆ, ಅದು ಬೇರೆ ಕಥೆ. ವಯಸ್ಸಾದವರಲ್ಲಿ ಕಬ್ಬಿಣದ ಕೊರತೆ ಕಂಡರೆ ಬರೀ ಮಾತ್ರೆ ಕೊಟ್ಟು ಕಳಿಸುವಂತಿಲ್ಲ. ರಕ್ತ ಎಲ್ಲಿ ಹೋಗುತ್ತಿದೆ ಅಂತ ಹುಡುಕಬೇಕು. ನಿಮ್ಮಲ್ಲಿ ಅದು ತಡವಾಯಿತು. ಆದರೆ ಸ್ಕ್ಯಾನ್‌ನಲ್ಲಿ ಲಿವರ್, ಶ್ವಾಸಕೋಶ ಸ್ವಚ್ಛ ಇವೆ. ಅಂದರೆ ಗುಣವಾಗುವ ದಾರಿ ಇನ್ನೂ ತೆರೆದಿದೆ.

ಈಗ ನೆಂಟರ ಮಾತಿಗೆ ಬರೋಣ. ಅವರದ್ದು ಕಾಳಜಿಯೇ, ತಪ್ಪು ತಿಳಿಯಬೇಡಿ. ಆದರೆ 'ಸುಮ್ನೆ ಬಿಡೋಣ' ಅಂದಾಗ ಅವರ ಕಣ್ಣ ಮುಂದೆ ಇರುವುದು ಅಪ್ಪಯ್ಯ ಜಗಲಿಯಲ್ಲಿ ನೆಮ್ಮದಿಯಾಗಿ ಕೂತಿರುವ ಚಿತ್ರ. ನಾನು ವಾರ್ಡಿನಲ್ಲಿ ನೋಡುವುದು ಬೇರೆ. ಗಡ್ಡೆ ಜಿನುಗುತ್ತಲೇ ಇರುತ್ತದೆ, ತಿಂಗಳಿಗೊಮ್ಮೆ ರಕ್ತ ಹಾಕಿಸಲು ಓಡಾಟ. ಕೊನೆಗೆ ಒಂದು ದಿನ ಕರುಳು ಕಟ್ಟಿಕೊಳ್ಳುತ್ತದೆ. ಹೊಟ್ಟೆ ಡೋಲಿನಂತೆ ಉಬ್ಬಿ, ವಾಂತಿಯಾಗಿ, ನಡುರಾತ್ರಿ ಆಂಬ್ಯುಲೆನ್ಸ್‌ನಲ್ಲಿ ಬರುತ್ತಾರೆ. ಆಗ ಆಪರೇಷನ್ ಬೇಡ ಅನ್ನುವ ಧೈರ್ಯ ಯಾವ ನೆಂಟರಿಗೂ ಇರುವುದಿಲ್ಲ. ಹಿರಿಯರಿಗೆ ಸಿದ್ಧತೆ ಮಾಡಿಕೊಂಡು ಮಾಡುವ ಆಪರೇಷನ್‌ಗೂ ಹೀಗೆ ತುರ್ತಿನಲ್ಲಿ ಮಾಡುವುದಕ್ಕೂ ಜೀವಾಪಾಯದಲ್ಲಿ ಅಜಗಜಾಂತರ.

ಹಾಗಾಗಿ ನೀವು ಹೇಳಿದ್ದನ್ನಷ್ಟೇ ನಂಬಿ, ಅವರನ್ನು ಕಣ್ಣಾರೆ ನೋಡದೆ ಹೇಳುವುದಾದರೆ, ನನ್ನ ಒಲವು ಆಪರೇಷನ್ ಕಡೆಗೇ. ನಾಳೆಯೇ ಬೇಡ. ಕರುಳು ಕಟ್ಟಿಲ್ಲದಿದ್ದರೆ ಮೂರು-ನಾಲ್ಕು ವಾರ ತೆಗೆದುಕೊಂಡು ದೇಹವನ್ನು ಸಿದ್ಧಮಾಡಬಹುದು. ಅಷ್ಟರಲ್ಲಿ ಕ್ಯಾನ್ಸರ್ ಓಡಿಹೋಗುವುದಿಲ್ಲ.

ಮೊದಲು ಅವರ ತಾಕತ್ತು ಎಷ್ಟಿದೆ ಅಂತ ಅಳೆಯಬೇಕು. ಆಧಾರ್ ಕಾರ್ಡಿನ ವಯಸ್ಸು ಇದಕ್ಕೆ ಸಾಲದು. ಜಿ8 ಅಂತ ಎಂಟು ಪ್ರಶ್ನೆಗಳ ಒಂದು ಪಟ್ಟಿ ಇದೆ. ಊಟ ಕಡಿಮೆಯಾಗಿದೆಯಾ, ಮೂರು ತಿಂಗಳಲ್ಲಿ ತೂಕ ಎಷ್ಟು ಇಳಿಯಿತು, ಮನೆಯಿಂದಾಚೆ ಓಡಾಡುತ್ತಾರಾ, ಮರೆವು ಅಥವಾ ಮಂಕು ಇದೆಯಾ, ದಿನಕ್ಕೆ ಮೂರಕ್ಕಿಂತ ಜಾಸ್ತಿ ಔಷಧಿ ಇವೆಯಾ, ಹೀಗೆ. ಅದರಲ್ಲಿ ನನಗಿಷ್ಟವಾದ ಪ್ರಶ್ನೆ ಇದು: 'ನಿಮ್ಮ ವಾರಗೆಯವರಿಗೆ ಹೋಲಿಸಿದರೆ ನಿಮ್ಮ ಆರೋಗ್ಯ ಹೇಗಿದೆ?' ಹಳ್ಳಿಯ ಹಿರಿಯರು ಇದಕ್ಕೆ ಬಹಳ ಸತ್ಯವಾದ ಉತ್ತರ ಕೊಡುತ್ತಾರೆ. 'ನನ್ನ ಜೊತೆಯವರು ಯಾರೂ ಉಳಿದೇ ಇಲ್ವಲ್ಲ ಡಾಕ್ಟ್ರೇ' ಅಂದವರೂ ಇದ್ದಾರೆ. ಒಟ್ಟು 17 ಅಂಕ. 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ಇನ್ನೂ ವಿವರವಾಗಿ ನೋಡಬೇಕು ಅಂತ ಲೆಕ್ಕ. ತೂಕ ಇಳಿದದ್ದು, ಮಾತ್ರೆಗಳ ಸಂಖ್ಯೆ ಎರಡರಿಂದಲೇ ನಿಮ್ಮ ಅಪ್ಪಯ್ಯನಿಗೆ 14ರ ಕೆಳಗೆ ಬರಬಹುದು. ಹೆದರಬೇಡಿ, ಅದು ಫೇಲ್ ಅಲ್ಲ. ಎಲ್ಲಿ ದುರಸ್ತಿ ಬೇಕು ಅಂತ ತೋರಿಸುವ ಪಟ್ಟಿ ಅಷ್ಟೇ.

ಇನ್ನೊಂದು ಪರೀಕ್ಷೆ ನೀವೇ ಮನೆಯಲ್ಲಿ ಮಾಡಬಹುದು. ಅಪ್ಪಯ್ಯನನ್ನು ಕೈ ಇರುವ ಕುರ್ಚಿಯಲ್ಲಿ ಕೂರಿಸಿ. ಮುಂದೆ ಮೂರು ಮೀಟರ್ ದೂರದಲ್ಲಿ ನೆಲಕ್ಕೆ ಒಂದು ಗುರುತು ಹಾಕಿ. ಎದ್ದು, ಗುರುತಿನವರೆಗೆ ಎಂದಿನ ನಡಿಗೆಯಲ್ಲಿ ಹೋಗಿ, ತಿರುಗಿ ಬಂದು ಕೂರಬೇಕು. ಮೊಬೈಲ್‌ನಲ್ಲಿ ಸೆಕೆಂಡ್ ಎಣಿಸಿ. 12 ಸೆಕೆಂಡ್ ದಾಟಿದರೆ ಬೀಳುವ ಅಪಾಯ ಜಾಸ್ತಿ ಅಂತ ಲೆಕ್ಕ. ನಾನು ಸೆಕೆಂಡಿನ ಜೊತೆ ಇನ್ನೂ ಕೆಲವನ್ನು ನೋಡುತ್ತೇನೆ. ಏಳುವಾಗ ಎರಡೂ ಕೈ ಊರುತ್ತಾರಾ? ತಿರುಗುವಾಗ ಗೋಡೆ ಹುಡುಕುತ್ತಾರಾ? ಕೂರುವಾಗ ದೊಪ್ಪನೆ ಕುಸಿಯುತ್ತಾರಾ? ತೊಡೆಯ ಸ್ನಾಯು ಸೊರಗಿದವರು ಕೂರುವಾಗ ಸಿಕ್ಕಿಬೀಳುತ್ತಾರೆ. ಒಂದು ವಿಡಿಯೊ ಮಾಡಿ ಸರ್ಜನ್‌ಗೆ, ಅನಸ್ತೇಷಿಯಾ ಡಾಕ್ಟರಿಗೆ ತೋರಿಸಿ.

ಸಿದ್ಧತೆಯಲ್ಲಿ ಮೊದಲನೆಯದು ರಕ್ತ. ಗಡ್ಡೆ ಜಿನುಗುತ್ತಿರುವಾಗ ಕಬ್ಬಿಣದ ಮಾತ್ರೆ ಒಡೆದ ಕೊಡಕ್ಕೆ ನೀರು ತುಂಬಿಸಿದ ಹಾಗೆ. ನರಕ್ಕೆ ಹಾಕುವ ಕಬ್ಬಿಣದ ಇಂಜೆಕ್ಷನ್ ಇದೆ, ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಎರಡು-ಮೂರು ವಾರದಲ್ಲಿ ಹಿಮೊಗ್ಲೋಬಿನ್ ಮೇಲೇರುವುದು ಕಾಣುತ್ತದೆ. ಇದನ್ನು ಕೇಳಿ ಪಡೆಯಿರಿ. ಎಷ್ಟೋ ಕಡೆ ಆಪರೇಷನ್ ಹಿಂದಿನ ದಿನ ಎರಡು ಬಾಟಲ್ ರಕ್ತ ಹಾಕಿ ಮುಗಿಸುತ್ತಾರೆ. ಬೇಕೇ ಬೇಕಾದಾಗ ಸರಿ. ಸಮಯ ಇರುವಾಗ ಕಬ್ಬಿಣವೇ ಒಳ್ಳೆಯದು.

ಎರಡನೆಯದು ಊಟ. ನಮ್ಮಲ್ಲಿ ಕಾಯಿಲೆ ಬಿದ್ದವರಿಗೆ ಗಂಜಿ ಕುಡಿಸುತ್ತೇವೆ. ಹಗುರ, ಜೀರ್ಣವಾಗುತ್ತದೆ, ಎಲ್ಲ ನಿಜ. ಆದರೆ 30 ಗ್ರಾಂ ರಾಗಿ ಹಿಟ್ಟಿನ ಒಂದು ಲೋಟ ಗಂಜಿಯಲ್ಲಿ ಪ್ರೋಟೀನ್ ಇರುವುದು ಸುಮಾರು 2 ಗ್ರಾಂ. ಇಂಥ ರೋಗಿಗೆ ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಬೇಕು. 52 ಕೆ.ಜಿ.ಗೆ ಲೆಕ್ಕ ಹಾಕಿದರೆ 62ರಿಂದ 78 ಗ್ರಾಂ. ಗಂಜಿಯಲ್ಲೇ ತುಂಬಿಸಬೇಕಾದರೆ ಮೂವತ್ತು ಲೋಟ ದಾಟುತ್ತದೆ! ಗಂಜಿ ಬಿಡಿಸಬೇಡಿ, ಅದಕ್ಕೆ ಹಾಲು ಹಾಕಿ. ಗಟ್ಟಿ ಮೊಸರು, ಹೆಸರುಕಾಳು, ಗಟ್ಟಿ ತೊವ್ವೆ, ಹುರಿದ ಶೇಂಗಾದ ಪುಡಿ, ಪನೀರ್, ತಿನ್ನುವವರಾದರೆ ಮೊಟ್ಟೆ. ಅದೂ ಸಾಲದಿದ್ದರೆ ಪ್ರೋಟೀನ್ ಪುಡಿ. ಶುಗರ್ ಇದೆ ಅಂತ ಊಟವನ್ನೇ ಕತ್ತರಿಸುವ ಕಾಲ ಇದಲ್ಲ. ತೂಕ ಇಳಿಯುತ್ತಿರುವ ರೋಗಿಗೆ ಪಥ್ಯ ಸಡಿಲಿಸಿ, ಶುಗರ್ ಮಾತ್ರೆಯನ್ನು ಡಾಕ್ಟರು ಹೊಂದಿಸಿಕೊಳ್ಳಲಿ.

ನಡಿಗೆ ದಿನಾ ಇರಲಿ, ಆಗುವಷ್ಟು. ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ದಿನಕ್ಕೆ ಮೂರು ಹೊತ್ತು. ಮೂರು ಬಣ್ಣದ ಚೆಂಡಿರುವ ಪ್ಲಾಸ್ಟಿಕ್ ಡಬ್ಬಿ ಕೊಡುತ್ತಾರಲ್ಲ, ಉಸಿರು ಎಳೆದು ಚೆಂಡು ಏರಿಸುವುದು, ಅದನ್ನು ಆಪರೇಷನ್ ಆದ ಮೇಲೆ ಕೊಟ್ಟರೆ ನೋವಿನಲ್ಲಿ ಯಾರೂ ಕಲಿಯುವುದಿಲ್ಲ. ಈಗಲೇ ತಂದುಕೊಡಿ. ಕವಳದ, ಅಂದರೆ ಎಲೆ-ಅಡಿಕೆಯ ಅಭ್ಯಾಸ ಇದ್ದರೆ ಹೊಗೆಸೊಪ್ಪನ್ನಾದರೂ ಇವತ್ತೇ ಬಿಡಿಸಿ.

ಮಾತ್ರೆಗಳನ್ನೆಲ್ಲ, ಆಯುರ್ವೇದದ್ದೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಸ್ಟೆಂಟ್ ಇರುವುದರಿಂದ ರಕ್ತ ತೆಳುಮಾಡುವ ಮಾತ್ರೆ ಇದ್ದೇ ಇರುತ್ತದೆ. ಯಾವುದನ್ನು ಮುಂದುವರಿಸಬೇಕು, ಯಾವುದನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಹೃದಯದ ಡಾಕ್ಟರು ಮತ್ತು ಸರ್ಜನ್ ಮಾತಾಡಿ ಬರೆದುಕೊಡಬೇಕು. ನೀವಾಗಿ ನಿಲ್ಲಿಸಬೇಡಿ.

ಆಪರೇಷನ್ ಬಗ್ಗೆ ಜನರ ದೊಡ್ಡ ಹೆದರಿಕೆ ಹೊಟ್ಟೆಯ ಮೇಲಿನ ಚೀಲ. ಬಲಭಾಗದ ಗಡ್ಡೆಗೆ ಅದು ಸಾಮಾನ್ಯವಾಗಿ ಬೇಕಾಗುವುದಿಲ್ಲ. ಕರುಳಿನ ಬಲ ಅರ್ಧ ತೆಗೆದು, ಸಣ್ಣ ಕರುಳಿನ ತುದಿಯನ್ನು ಉಳಿದ ದೊಡ್ಡ ಕರುಳಿಗೆ ಜೋಡಿಸುತ್ತಾರೆ. ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳಲ್ಲಿ ಮಾಡಲು ಬಂದರೆ ಹಿರಿಯರಿಗೆ ಅನುಕೂಲ. ನೋವು ಕಡಿಮೆ, ಬೇಗ ಎದ್ದು ಓಡಾಡುತ್ತಾರೆ.

ನಾನು ಮನೆಯವರಿಗೆ ಮೊದಲೇ ಹೇಳಿಟ್ಟುಕೊಳ್ಳುವ ಸಂಗತಿ ಇನ್ನೊಂದಿದೆ. ಆಪರೇಷನ್ ಆದ ಎರಡನೆಯ ಅಥವಾ ಮೂರನೆಯ ರಾತ್ರಿ ಅಪ್ಪಯ್ಯ ಬೇರೆಯೇ ಮನುಷ್ಯ ಆಗಿಬಿಡಬಹುದು. 'ಕೊಟ್ಟಿಗೆಗೆ ಹೋಗಬೇಕು, ದನ ಬಿಚ್ಚಿದೆ' ಅಂತ ಏಳಬಹುದು. ಕೈಯ ಟ್ಯೂಬ್ ಕೀಳಬಹುದು. ನಿಮ್ಮನ್ನೇ ಯಾರು ಅಂತ ಕೇಳಬಹುದು. ಅಥವಾ ಇದರ ತದ್ವಿರುದ್ಧ, ಮಾತೇ ಆಡದೆ ಮಂಕಾಗಿ ಮಲಗಿಬಿಡಬಹುದು. ಅದನ್ನು ನರ್ಸ್‌ಗಳೂ ಗಮನಿಸುವುದಿಲ್ಲ, 'ಪಾಪ, ಗಲಾಟೆ ಇಲ್ಲದ ಪೇಷಂಟ್' ಅನ್ನುತ್ತಾರೆ. ಇದಕ್ಕೆ ಡೆಲಿರಿಯಂ ಅನ್ನುತ್ತೇವೆ. ಹುಚ್ಚಲ್ಲ, ಅನಸ್ತೇಷಿಯಾ ತಲೆಗೆ ಏರಿದ್ದೂ ಅಲ್ಲ. ನೋವು, ಸೋಂಕು, ನೀರಿನ ಕೊರತೆ, ಮೂತ್ರ ಕಟ್ಟಿದ್ದು, ನಿದ್ದೆಗೆಟ್ಟದ್ದು, ಯಾವುದೋ ಮಾತ್ರೆ, ಹೀಗೆ ಕಾರಣ ಹುಡುಕಿ ಸರಿಮಾಡಿದರೆ ಸಾಮಾನ್ಯವಾಗಿ ಇಳಿಯುತ್ತದೆ. ತಡೆಯುವ ಉಪಾಯಗಳು ಬಹಳ ಸರಳ. ಕನ್ನಡಕ, ಕಿವಿಯ ಮಿಷನ್, ಹಲ್ಲಿನ ಸೆಟ್ ಆಪರೇಷನ್ ಆದ ದಿನವೇ ವಾಪಸ್ ಹಾಕಿಸಿ. ಮಂಚದ ಎದುರು ಒಂದು ಗಡಿಯಾರ, ಮನೆಯ ಕ್ಯಾಲೆಂಡರ್ ಇರಲಿ. ಹಗಲು ಕಿಟಕಿ ತೆಗೆದಿರಲಿ, ರಾತ್ರಿ ಲೈಟ್ ಆರಿಸಲಿ. ನಿದ್ದೆ ಬರುತ್ತಿಲ್ಲ ಅಂತ ನಿದ್ದೆ ಮಾತ್ರೆ ಕೇಳಬೇಡಿ, ಹಿರಿಯರಿಗೆ ಅದೇ ಮುಳುವಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಮನೆಯ ಒಂದು ಮುಖ ಪಕ್ಕದಲ್ಲಿರಬೇಕು. ಮೂರು ರಾತ್ರಿಗೆ ಮೂರು ನೆಂಟರು ಬೇಡ.

ಮೊದಲ ಕೆಲವು ತಿಂಗಳು ನಾಜೂಕಿನ ಕಾಲ. ನೆದರ್ಲೆಂಡ್ಸ್‌ನ ವೈದ್ಯರು ಅಲ್ಲಿನ ರೋಗಿಗಳ ದಾಖಲೆ ನೋಡಿ ಒಂದು ಸಂಗತಿ ತೋರಿಸಿದ್ದಾರೆ. ಈ ಆಪರೇಷನ್ ಆದ ಹಿರಿಯರಿಗೆ ಮೊದಲ ವರ್ಷವೇ ಕಷ್ಟದ್ದು. ಅದನ್ನು ದಾಟಿದವರಲ್ಲಿ ಕ್ಯಾನ್ಸರ್‌ನಿಂದಾಗುವ ಸಾವು ಕಿರಿಯರಲ್ಲಿದ್ದಷ್ಟೇ. ಅದಕ್ಕೇ ಸಿದ್ಧತೆಯ ಬಗ್ಗೆ ನಾನು ಇಷ್ಟು ಕೊರೆಯುತ್ತಿರುವುದು.

ಕೀಮೋ ಬೇಕೋ ಬೇಡವೋ ಅಂತ ಈಗ ತಲೆ ಕೆಡಿಸಿಕೊಳ್ಳಬೇಡಿ. ಸ್ಕ್ಯಾನ್‌ನಲ್ಲಿ ಗಂಟು ದಪ್ಪ ಕಂಡ ಮಾತ್ರಕ್ಕೆ ಅದರಲ್ಲಿ ಕ್ಯಾನ್ಸರ್ ಇದೆ ಅಂತಲ್ಲ. ತೆಗೆದ ಕರುಳನ್ನು ಪೆಥಾಲಜಿಯಲ್ಲಿ ನೋಡಿದ ಮೇಲೆ ಗೊತ್ತಾಗುತ್ತದೆ. ಆ ರಿಪೋರ್ಟಿನಲ್ಲಿ ನೀವು ಎರಡು ಕಡೆ ಬೆರಳಿಟ್ಟು ನೋಡಿ. ಒಂದು, ಕನಿಷ್ಠ 12 ಗಂಟು ಪರೀಕ್ಷಿಸಿದ್ದಾರಾ. ಎರಡು, ಎಂಎಂಆರ್ ಪರೀಕ್ಷೆ ಮಾಡಿದ್ದಾರಾ. ಎರಡನೆಯದನ್ನು ಈಗಿರುವ ಬಯಾಪ್ಸಿ ತುಣುಕಿನಲ್ಲೇ ಮಾಡಿಸಬಹುದು, ಕೆಲವು ಸಾವಿರ ರೂಪಾಯಿಯ ಖರ್ಚು. ಜೀವಕೋಶದಲ್ಲಿ ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟಿದೆಯಾ ಅಂತ ಅದು ಹೇಳುತ್ತದೆ. ವಯಸ್ಸಾದವರ ಬಲಭಾಗದ ಗಡ್ಡೆಗಳಲ್ಲಿ ಇದು ಕೆಟ್ಟಿರುವುದು ಜಾಸ್ತಿ. ಹಾಗಿದ್ದು, ಗಂಟುಗಳಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ, ಅಂದರೆ ಎರಡನೇ ಹಂತವಾದರೆ, ಸಾಮಾನ್ಯವಾಗಿ ಕೀಮೋ ಬೇಡವೇ ಬೇಡ. ಮುಂದೆ ಎಂದಾದರೂ ಕಾಯಿಲೆ ಮರಳಿದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಇಮ್ಯುನೋಥೆರಪಿ ಎಂಬ ಬೇರೆ ದಾರಿಯೂ ತೆರೆಯುತ್ತದೆ. ಅದು ದುಬಾರಿ, ನಿಜ. ಆದರೆ ಕೀಮೋ ತಡೆಯಲಾರದ ಅಜ್ಜ ಅಜ್ಜಿಯರೂ ಅದನ್ನು ಚೆನ್ನಾಗಿಯೇ ತಡೆದುಕೊಂಡದ್ದನ್ನು ನೋಡಿದ್ದೇನೆ.

ಗಂಟಿನಲ್ಲಿ ಕ್ಯಾನ್ಸರ್ ಇದ್ದರೆ ಅದು ಮೂರನೇ ಹಂತ. ಆಗ ಕೀಮೋದ ಮಾತು ಬರುತ್ತದೆ. 2001ರಲ್ಲಿ ಏಳು ಅಧ್ಯಯನಗಳ ಮೂರು ಸಾವಿರಕ್ಕೂ ಹೆಚ್ಚು ಕರುಳಿನ ಕ್ಯಾನ್ಸರ್ ರೋಗಿಗಳ ಲೆಕ್ಕ ಒಟ್ಟಿಗೆ ಹಾಕಿ ನೋಡಿದ್ದರು. ಬರೀ ಆಪರೇಷನ್ ಆದವರಲ್ಲಿ ನೂರಕ್ಕೆ 64 ಜನ ಐದು ವರ್ಷ ಬದುಕಿದ್ದರು. 5-ಎಫ್‌ಯು ಎಂಬ ಹಳೆಯ ಕೀಮೋ ಸೇರಿಸಿದವರಲ್ಲಿ 71. 70 ದಾಟಿದವರಿಗೂ ಲಾಭ ಅಷ್ಟೇ ಸಿಕ್ಕಿತ್ತು. ಆದರೆ ಇದನ್ನು ತಿರುಗಿಸಿಯೂ ಓದಬೇಕು. ನೂರು ಜನಕ್ಕೆ ಕೀಮೋ ಕೊಟ್ಟರೆ ಅದರಿಂದಾಗಿ ಉಳಿಯುವವರು ಏಳು ಜನ. ಮಿಕ್ಕವರಲ್ಲಿ ಹೆಚ್ಚಿನವರು ಕೀಮೋ ಇಲ್ಲದೆಯೂ ಬದುಕಿರುತ್ತಿದ್ದರು, ಕೆಲವರು ಕೀಮೋ ಕೊಟ್ಟರೂ ಉಳಿಯಲಿಲ್ಲ. ಈ ಲೆಕ್ಕ ಕೇಳಿ 'ಹಾಗಾದ್ರೆ ಮಾಡೋಣ' ಅಂದವರನ್ನೂ 'ಹಾಗಾದ್ರೆ ಬೇಡ' ಅಂದವರನ್ನೂ ನೋಡಿದ್ದೇನೆ. ಇಬ್ಬರದ್ದೂ ಸರಿಯೇ.

5-ಎಫ್‌ಯು ಬದಲು ಈಗ ಕೇಪ್‌ಸಿಟಬೀನ್ ಎಂಬ ಮಾತ್ರೆ ಇದೆ. ಅದರ ಜೊತೆ ಆಕ್ಸಾಲಿಪ್ಲಾಟಿನ್ ಎಂಬ ಡ್ರಿಪ್ ಸೇರಿಸುವುದು ಕಿರಿಯರಲ್ಲಿ ಮಾಮೂಲು. 70 ದಾಟಿದವರಿಗೆ ಆಕ್ಸಾಲಿಪ್ಲಾಟಿನ್‌ನಿಂದ ಹೆಚ್ಚುವರಿ ಲಾಭ ಸ್ಪಷ್ಟವಾಗಿ ಕಂಡಿಲ್ಲ. ತೊಂದರೆ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಔಷಧಿ ಹೋದ ಕೆಲವು ದಿನ ತಣ್ಣೀರು ಮುಟ್ಟಿದರೆ ಶಾಕ್ ಹೊಡೆದ ಹಾಗೆ. ಸೈಕಲ್‌ಗಳು, ಅಂದರೆ ಕೀಮೋದ ಸುತ್ತುಗಳು, ಕೂಡುತ್ತಾ ಹೋದಂತೆ ಬೆರಳ ತುದಿ, ಪಾದ ಜೋಮು. ಕೆಲವರಿಗೆ ಆ ಜೋಮು ವರ್ಷಗಟ್ಟಲೆ ಬಿಡುವುದಿಲ್ಲ. ಆಫೀಸಿನಲ್ಲಿ ಕೂರುವ ಐವತ್ತರವರಿಗೆ ಅದು ಕಿರಿಕಿರಿ. ಮಳೆಗಾಲದಲ್ಲಿ ಕಾಲುಸಂಕ ದಾಟುವ 78ರವರಿಗೆ ಪಾದ ನೆಲ ಮುಟ್ಟಿದ್ದೇ ತಿಳಿಯದಿದ್ದರೆ? ತೊಡೆಮೂಳೆ ಮುರಿದರೆ ಕ್ಯಾನ್ಸರ್ ಗೆದ್ದೂ ಹಾಸಿಗೆ ಹಿಡಿಯುತ್ತಾರೆ. ನಿಮ್ಮ ಅಪ್ಪಯ್ಯನಿಗೆ ನಾನಾದರೆ ಆಕ್ಸಾಲಿಪ್ಲಾಟಿನ್ ಹಾಕುವುದಿಲ್ಲ.

ಮಾತ್ರೆ ಅಂದರೆ ಹಗುರ ಅಂತಲೂ ತಿಳಿಯಬೇಡಿ. ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಆಗ ನಾನಿನ್ನೂ ಹೊಸಬ. 76 ವರ್ಷದ ಅಜ್ಜಿ, 41 ಕೆ.ಜಿ. ಕ್ರಿಯೇಟಿನಿನ್ 0.9 ಅಂತ ರಿಪೋರ್ಟಿನಲ್ಲಿತ್ತು, ಪಕ್ಕದಲ್ಲಿ ನಾರ್ಮಲ್ ಅಂತಲೂ ಇತ್ತು. ಕಿಡ್ನಿ ಸರಿ ಇದೆ ಎಂದು ಪುಸ್ತಕದ ಪೂರ್ತಿ ಡೋಸ್ ಬರೆದೆ. ಎರಡನೇ ಸೈಕಲ್‌ನಲ್ಲಿ ಭೇದಿ ಶುರುವಾಯಿತು. ಕೀಮೋ ಅಂದರೆ ಹೀಗೇ ಇರುತ್ತೇನೋ ಅಂತ ಅಜ್ಜಿ ಮೂರು ದಿನ ಮನೆಯಲ್ಲೇ ಸಹಿಸಿಕೊಂಡಿದ್ದರು. ಬರುವಾಗ ಬಾಯೆಲ್ಲ ಹುಣ್ಣು, ಮೂತ್ರ ನಿಂತಿತ್ತು. ಬದುಕಿದರು. ಆದರೆ ಮತ್ತೆ ಕೀಮೋದ ಹೆಸರೆತ್ತಲು ಬಿಡಲಿಲ್ಲ. ಆಮೇಲೆ ಕೂತು ಲೆಕ್ಕ ಹಾಕಿದೆ. ಕ್ರಿಯೇಟಿನಿನ್ ಬರುವುದು ಸ್ನಾಯುವಿನಿಂದ. ಸ್ನಾಯುವೇ ಇಲ್ಲದ ಅಜ್ಜಿಯಲ್ಲಿ ಅದು ಕಡಿಮೆಯೇ ಇರುತ್ತದೆ. ವಯಸ್ಸು, ತೂಕ ಸೇರಿಸಿ ಗುಣಿಸಿದರೆ ಅವರ ಕಿಡ್ನಿಯ ಕೆಲಸ ನಿಮಿಷಕ್ಕೆ 34 ಮಿ.ಲೀ. ಮಾತ್ರ. ಕೇಪ್‌ಸಿಟಬೀನ್‌ಗೆ ನಿಯಮ ಹೀಗಿದೆ: 30ರಿಂದ 50ರ ನಡುವೆ ಇದ್ದರೆ ಡೋಸ್ ಮುಕ್ಕಾಲಕ್ಕೆ ಇಳಿಸಬೇಕು, 30ರ ಕೆಳಗಿದ್ದರೆ ಕೊಡಲೇಬಾರದು.

ನಿಮ್ಮ ಅಪ್ಪಯ್ಯನ ಲೆಕ್ಕವನ್ನೂ ಹಾಕಿದೆ. 140ರಲ್ಲಿ ವಯಸ್ಸು 78 ಕಳೆದರೆ 62. ಅದನ್ನು ತೂಕ 52ರಿಂದ ಗುಣಿಸಿ. 72 ಮತ್ತು ಕ್ರಿಯೇಟಿನಿನ್ 1.1ರ ಗುಣಲಬ್ಧದಿಂದ ಭಾಗಿಸಿ. ಬರುವುದು ಸುಮಾರು 41. ಹೆಂಗಸರಾದರೆ ಕೊನೆಗೆ 0.85ರಿಂದ ಗುಣಿಸಬೇಕು. ಅಂದರೆ ರಿಪೋರ್ಟಿನಲ್ಲಿ ನಾರ್ಮಲ್ ಅಂತ ಕಂಡರೂ ಅಪ್ಪಯ್ಯನಿಗೆ ಪೂರ್ತಿ ಡೋಸ್ ಸಲ್ಲದು. ಈ 41ನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಕೀಮೋ ಡಾಕ್ಟರ ಮುಂದಿಡಿ. ಒಳ್ಳೆಯ ಡಾಕ್ಟರಾದರೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಕೀಮೋ ಯಾರಿಗೆ ಒಗ್ಗುವುದಿಲ್ಲ ಅಂತ ಮೊದಲೇ ಊಹಿಸಲು ಕ್ಯಾಲಿಫೋರ್ನಿಯಾದ ಸಿಟಿ ಆಫ್ ಹೋಪ್ ಆಸ್ಪತ್ರೆಯಲ್ಲಿದ್ದ ಡಾ. ಆರ್ತಿ ಹುರಿಯಾ ಮತ್ತು ತಂಡ 2011ರಲ್ಲಿ ಒಂದು ಅಳತೆ ಕೊಟ್ಟರು. ಹಿಮೊಗ್ಲೋಬಿನ್, ಕಿಡ್ನಿ ಅದರಲ್ಲಿವೆ ಸರಿ. ಜೊತೆಗೆ ಆರು ತಿಂಗಳಲ್ಲಿ ಬಿದ್ದಿದ್ದೀರಾ, ಕಿವಿ ಸರಿಯಾಗಿ ಕೇಳುತ್ತದಾ, ಮಾತ್ರೆ ತೆಗೆದುಕೊಳ್ಳಲು ಇನ್ನೊಬ್ಬರು ಬೇಕಾ, ನಾಲ್ಕು ಜನರ ಮನೆಗೆ ಹೋಗಿ ಬರುವುದು ಕಡಿಮೆಯಾಗಿದೆಯಾ ಅಂತಲೂ ಕೇಳುತ್ತದೆ. ಕಿವಿಗೂ ಕೀಮೋಗೂ ಏನು ಸಂಬಂಧ ಅಂತ ನಾನೂ ಮೊದಲು ನಕ್ಕಿದ್ದೆ. ಫೋನಿನಲ್ಲಿ 'ಭೇದಿಯಾದರೆ ಮಾತ್ರೆ ನಿಲ್ಲಿಸಿ' ಅಂದದ್ದು 'ನಿಲ್ಲಿಸಬೇಡಿ' ಅಂತ ಕೇಳಿದ ಅಜ್ಜ ಬಂದ ಮೇಲೆ ನಗು ನಿಂತಿತು. 2021ರಲ್ಲಿ ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ, ಕಾಯಿಲೆ ಹರಡಿದ್ದ 70 ದಾಟಿದ ರೋಗಿಗಳಿಗೆ ಇಂಥ ಪೂರ್ತಿ ತಪಾಸಣೆ ಮಾಡಿ, ಅದರ ಫಲಿತಾಂಶವನ್ನು ಡಾಕ್ಟರ ಕೈಗೆ ಕೊಟ್ಟರು. ಗಂಭೀರ ಅಡ್ಡಪರಿಣಾಮ 71 ಶೇಕಡಾ ಇದ್ದದ್ದು 51ಕ್ಕೆ ಇಳಿಯಿತು. ಡೋಸ್ ಎಷ್ಟೋ ಜನಕ್ಕೆ ಕಡಿಮೆಯಾಗಿತ್ತು, ಆದರೆ ಆಯುಸ್ಸು ಕಡಿಮೆಯಾಗಲಿಲ್ಲ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಹಿರಿಯ ರೋಗಿಗಳಿಗೇ ಪ್ರತ್ಯೇಕ ಕ್ಲಿನಿಕ್ ಇದೆ. ನಮ್ಮ ಜಿಲ್ಲೆಗಳಲ್ಲಿ ಅಂಥದ್ದು ಬರುವವರೆಗೆ ನೀವೇ ಕೇಳಿ ಮಾಡಿಸಬೇಕು.

ಇದನ್ನು ಓದುವ ಬೇರೆಯವರಿಗೆ ಎರಡು ಮಾತು. ಗಡ್ಡೆ ಗುದನಾಳದಲ್ಲಿದ್ದರೆ ದಾರಿ ಬೇರೆ. ಅಲ್ಲಿ ಎಂಆರ್‌ಐ ಬೇಕು, ರೇಡಿಯೇಷನ್ ಬರುತ್ತದೆ, ಚೀಲದ ಸಾಧ್ಯತೆಯೂ ಜಾಸ್ತಿ. ಐದು ವಾರ ಓಡಾಡಲಾರದ ಹಿರಿಯರಿಗೆ ಐದೇ ದಿನದಲ್ಲಿ ಮುಗಿಯುವ ರೇಡಿಯೇಷನ್ ಇದೆ, ಕೇಳಿ. ರೇಡಿಯೇಷನ್, ಕೀಮೋದಲ್ಲೇ ಗಡ್ಡೆ ಪೂರ್ತಿ ಕರಗಿದರೆ ಆಪರೇಷನ್ ಮಾಡದೆ ಕಾದು ನೋಡುವ ಪದ್ಧತಿಯನ್ನು ಬ್ರೆಜಿಲ್‌ನ ಸರ್ಜನ್ ಆಂಜೆಲಿಟಾ ಹಬ್ರ್-ಗಾಮಾ ತೋರಿಸಿಕೊಟ್ಟರು. ಎಷ್ಟೋ ಹಿರಿಯರಿಗೆ ಅದು ವರ. ಆದರೆ ಎರಡು-ಮೂರು ತಿಂಗಳಿಗೊಮ್ಮೆ ತಪ್ಪದೆ ತೋರಿಸಲು ಬರುವವರಿಗೆ ಮಾತ್ರ. ಇನ್ನು ಲಿವರ್‌ಗೆ ಹರಡಿ ಗುಣವಾಗದ ಹಂತದಲ್ಲಿರುವ ಹಿರಿಯರು. ಬ್ರಿಟನ್‌ನಲ್ಲಿ ಬರೀ ವಯಸ್ಸಾದ, ಸೊರಗಿದ ರೋಗಿಗಳ ಮೇಲೆಯೇ ಮಾಡಿದ ಅಧ್ಯಯನದಲ್ಲಿ ಡೋಸ್‌ನ 80 ಶೇಕಡಾದಿಂದ ಶುರುಮಾಡಿದ್ದರು. ತಡೆದುಕೊಂಡರೆ ಏರಿಸುವುದು. ನಾನೂ ಹಾಗೇ ಮಾಡುತ್ತೇನೆ. ಕೀಮೋ ಬೇಡವೇ ಬೇಡ ಅನ್ನುವವರಿಗೂ ಚಿಕಿತ್ಸೆ ಮುಗಿದಿರುವುದಿಲ್ಲ. ಕಟ್ಟಿದ ಕರುಳಿಗೆ ಸ್ಟೆಂಟ್, ನೋವಿಗೆ ಮಾರ್ಫಿನ್ ಮಾತ್ರೆ ಇವೆ. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಹಣ ತೆಗೆದುಕೊಳ್ಳದೆ ಕೊನೆಯವರೆಗೆ ನೋಡಿಕೊಳ್ಳುತ್ತಾರೆ.

ನೀವು ಕೇಳಿಲ್ಲ, ಆದರೆ ನಿಮ್ಮ ಸೀಮೆಯಲ್ಲಿ ಯಾರಾದರೂ ನಾಟಿ ಔಷಧಿ ಹೇಳಿಯೇ ಹೇಳಿರುತ್ತಾರೆ. ಕಷಾಯದ ನೆಪದಲ್ಲಿ ಆಪರೇಷನ್ ಮುಂದೂಡಬೇಡಿ. ಕೀಮೋ ನಡೆಯುವಾಗ ಚಕ್ಕೆ, ಬೇರು, ಪುಡಿ ಯಾವುದೂ ಬೇಡ. 41ರ ಕಿಡ್ನಿಗೆ ಅದರಲ್ಲಿ ಏನಿದೆ ಅಂತ ತಿಳಿಯದೆ ಹಾಕುವುದು ಅಪಾಯ.

ಇನ್ನು ಅಪ್ಪಯ್ಯನಿಗೆ ಹೇಳುವ ವಿಷಯ. ಮಕ್ಕಳು ಬಾಗಿಲ ಹೊರಗೆ ನನ್ನನ್ನು ನಿಲ್ಲಿಸಿ 'ಅವರ ಮುಂದೆ ಆ ಶಬ್ದ ಎತ್ತಬೇಡಿ' ಅನ್ನುವುದು ವಾರಕ್ಕೆ ಎರಡು ಸಲವಾದರೂ ಆಗುತ್ತದೆ. ಒಮ್ಮೆ ಹೀಗೇ ಒಳಗೆ ಹೋದೆ. ಮಗ ಬಿಲ್ ಕಟ್ಟಲು ಹೋಗಿದ್ದ. ಯಜಮಾನರು ದನಿ ತಗ್ಗಿಸಿ ಹೇಳಿದರು: 'ನನಗೆ ಹೇಳಬಾರದು ಅಂತ ಹುಡುಗ ನಿಮಗೆ ಹೇಳಿದಾನಲ್ವಾ? ಇರಲಿ. ಆಸ್ಪತ್ರೆ ಬೋರ್ಡು ಓದೋಕೆ ಬರುತ್ತೆ ನನಗೆ. ಅವನಿಗೆ ಬೇಜಾರಾಗೋದು ಬೇಡ, ನಾನು ಗೊತ್ತಿಲ್ಲದವನ ಹಾಗೇ ಇರ್ತೀನಿ.' ಒಂದೇ ಮನೆಯಲ್ಲಿ ಇಬ್ಬರೂ ನಾಟಕ ಮಾಡುತ್ತಿದ್ದರು.

ನಿಮ್ಮ ಅಪ್ಪಯ್ಯನಿಗೂ ಅರ್ಧ ಗೊತ್ತಿರುತ್ತದೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಬೇಕಿಲ್ಲ. 'ಕರುಳಲ್ಲಿ ಗಡ್ಡೆ ಇದೆ, ರಕ್ತ ಹೋಗ್ತಿರೋದು ಅದರಿಂದ್ಲೇ, ತೆಗೀಬೇಕು ಅಂತಾರೆ' ಎಂದು ಶುರುಮಾಡಿ. ಆಮೇಲೆ ಸುಮ್ಮನಿರಿ. ಅವರು ಕೇಳಿದಷ್ಟಕ್ಕೆ ನಿಜ ಹೇಳಿ. 'ಡಾಕ್ಟ್ರ ಹತ್ರ ನೀನೇ ಮಾತಾಡು, ನಂಗೆ ಬೇಡ' ಅಂದರೆ ಅದೂ ಅವರ ಇಷ್ಟವೇ. ಆದರೆ ಒಂದನ್ನು ಅವರಿಂದಲೇ ಕೇಳಿ ತಿಳಿದುಕೊಳ್ಳಿ: ಮುಂದಿನ ದಿನಗಳಲ್ಲಿ ಅವರಿಗೆ ಏನು ಬೇಕು? ಅಡಿಕೆ ಕೊಯ್ಲಿನ ಹೊತ್ತಿಗೆ ತೋಟದಲ್ಲಿರಬೇಕು ಅನ್ನಬಹುದು. ಮೊಮ್ಮಗಳ ಮದುವೆ ಅನ್ನಬಹುದು. 'ಯಾರಿಗೂ ಭಾರ ಆಗಬಾರದು' ಅನ್ನುವವರೇ ಜಾಸ್ತಿ. ಆ ಉತ್ತರವನ್ನು ನನ್ನಂಥವರಿಗೆ ತಂದುಕೊಟ್ಟರೆ ಯಾವ ಔಷಧಿ, ಯಾವಾಗ, ಎಷ್ಟು ಅನ್ನುವುದನ್ನು ಅದಕ್ಕೆ ಹೊಂದಿಸಬಹುದು.

ಎಲ್ಲಿ ಮಾಡಿಸುವುದು ಅಂದರೆ, ಆಪರೇಷನ್‌ಗೆ ಇಂಥ ಕರುಳಿನ ಆಪರೇಷನ್‌ಗಳನ್ನು ಆಗಾಗ ಮಾಡುವ ಸರ್ಜನ್, ರಾತ್ರಿಯೂ ಡಾಕ್ಟರಿರುವ ಐಸಿಯು ಮುಖ್ಯ. ಅದು ಶಿವಮೊಗ್ಗದಲ್ಲೇ ಸಿಕ್ಕರೆ ಅಲ್ಲೇ. ಬೆಂಗಳೂರಿನಲ್ಲಾದರೆ ಕಿದ್ವಾಯಿ ಇದೆ, ಜನಸಂದಣಿಗೆ ತಯಾರಾಗಿ ಹೋಗಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಸೌಲಭ್ಯ ಹೇಗೆ ಸಿಗುತ್ತದೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಅಡ್ಮಿಟ್ ಆಗುವ ಮೊದಲೇ ಕೇಳಿ, ಬಿಲ್ ಆದ ಮೇಲೆ ಅಲ್ಲ. ಕೀಮೋ ಮಾತ್ರೆಯ ಕಾಲಕ್ಕೆ ಮಾತ್ರ ಅಪ್ಪಯ್ಯ ತಮ್ಮ ಮನೆಯಲ್ಲೇ ಇರಲಿ, ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂಡಿಹಾಕಬೇಡಿ. ಆದರೆ ಮೊದಲ ಮಾತ್ರೆ ನುಂಗುವ ಮೊದಲು, ರಾತ್ರಿ ಹನ್ನೊಂದಕ್ಕೂ ಎತ್ತುವ ಒಂದು ಆಸ್ಪತ್ರೆ ನಂಬರ್ ಪಡೆದು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಕೆಳಗೆ ಇದನ್ನೂ ಬರೆಯಿರಿ: ಮಾಮೂಲಿಗಿಂತ ನಾಲ್ಕು ಸಲ ಜಾಸ್ತಿ ಭೇದಿಯಾದರೆ, 100.4 ಡಿಗ್ರಿ ಜ್ವರ ಬಂದರೆ, ಎದೆ ನೋವು ಬಂದರೆ, ನೀರೂ ನುಂಗಲಾರದಷ್ಟು ಬಾಯಿ ಹುಣ್ಣಾದರೆ, ಮಾತ್ರೆ ನಿಲ್ಲಿಸಿ ಆಗಲೇ ಫೋನ್ ಮಾಡುವುದು. ಬೆಳಗಾಗುವವರೆಗೆ ಕಾಯುವುದಿಲ್ಲ.